ಹುರಿದ ಉಪ್ಪು

ಪಥ್ಯ ಶುರುವಾದ ಮೊದಲ ದಿನವೇ ತಟ್ಟೆ ಹಾರಿಬಂದು ನನ್ನ ಹಣೆಗೆ ಬಡಿಯಿತು. ಹಿತ್ತಾಳೆ ತಟ್ಟೆ, ಅಂಚು ಹರಿತ. ಎಡಹುಬ್ಬಿನ ಮೇಲೆ ಚರ್ಮ ಸೀಳಿ ರಕ್ತ ಕಣ್ಣಿಗಿಳಿಯಿತು. ಕಣ್ಣು ಕಾಣದಿದ್ದರೇನು, ಕೈಗೆ ಸಿಕ್ಕ ನೀರಿನ ಚೊಂಬನ್ನು ನಾನೂ ಬೀಸಿ ಒಗೆದೆ. ಅದು ಇವರ ಭುಜಕ್ಕೆ ತಗುಲಿ ಗೋಡೆ ಬುಡಕ್ಕೆ ಹೋಗಿ ಬಿತ್ತು. ತೊಟ್ಟಿಲಲ್ಲಿದ್ದ ಮಗು ಕಿಟಾರನೆ ಕಿರುಚಿಕೊಂಡಿತು.

“ನನ್ನೇನು ಬಾಣಂತಿ ಅನ್ಕಂಡ್ಯೇನೇ? ಗಂಡಸಿಗೆ ಇಕ್ಕೋ ಊಟ ಏನೇ ಇದು?” ಅಂತ ಇವರು ಕೂಗಿದರು.

“ಡಾಕ್ಟ್ರು ಹೇಳಿದ್ದು ಕಿವಿಗೆ ಬೀಳ್ಲಿಲ್ಲೇನ್ರೀ? ಸಾಯ್ತೀರಂತೆ! ಸಾಯೋದಾದ್ರೆ ಈ ಮಗೀಗೆ ಇನ್ನೊಬ್ಬ ಅಪ್ಪನ್ನ ಹುಡುಕಿ ಕೊಟ್ಟು ಸಾಯ್ರಿ!” ಅಂತ ನಾನೂ ಕೂಗಿದೆ.

ಇವರು ಅಂದರೆ ನನ್ನ ಗಂಡ. ಶಿಕಾರಿಪುರದ ಒಂದು ಅಕ್ಕಿ ಮಿಲ್ಲಿನಲ್ಲಿ ಇಂಜಿನ್ ಡ್ರೈವರ್. ಮಿಲ್ಲಿನ ಹಿಂದೆಯೇ ಎರಡು ಅಂಕಣದ ಬಾಡಿಗೆ ಮನೆ. ಊರು ಸೊರಬ, ಅಲ್ಲಿ ನಮ್ಮತ್ತೆ ಒಬ್ಬರೇ ಎರಡು ಎಮ್ಮೆ ಕಟ್ಟಿಕೊಂಡು ಇದ್ದರು. ನನಗೆ ಆಗ ಇಪ್ಪತ್ತೊಂದು, ಮಗುವಿಗೆ ಎಂಟು ತಿಂಗಳು. ಗಂಡ ಹೆಂಡತಿ ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಮದುವೆಯಾದ ತಿಂಗಳಿಗೇ ಇವರು ಕೈ ಎತ್ತಿದ್ದರು, ನಾನು ಮಣೆ ಎತ್ತಿದ್ದೆ. ಓಣಿಯವರಿಗೆ ನಮ್ಮ ಜಗಳ ಕೇಳಿ ಕೇಳಿ ರೂಢಿಯಾಗಿ, ಒಂದು ದಿನ ಸದ್ದಿಲ್ಲದಿದ್ದರೆ ಮೈ ಹುಷಾರಿಲ್ಲವೇ ಎಂದು ಕೇಳಿಕೊಂಡು ಬರುತ್ತಿದ್ದರು.

ಕ್ಯಾಸನೂರು ಕಡೆ ಮಂಗಗಳು ಸತ್ತು ಬೀಳುತ್ತಿದ್ದ ವರ್ಷ ಕಳೆದು ಬಂದ ಸುಗ್ಗಿ ಅದು. ಬೆಳಿಗ್ಗೆ ಎದ್ದರೆ ಇವರ ಮುಖ ಊದಿರುತ್ತಿತ್ತು. ಸಂಜೆಗೆ ಪಾದ ಊದುತ್ತಿತ್ತು. ಮೊಣಕಾಲ ಕೆಳಗೆ ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮೂತ್ರವನ್ನು ಗಾಜಿನ ಕೊಳವೆಗೆ ಹಾಕಿ ದೀಪದ ಮೇಲೆ ಹಿಡಿದರು. ಒಡೆದ ಹಾಲಿನಂತೆ ಅದು ಬೆಳ್ಳಗೆ ಗಟ್ಟಿಯಾಯಿತು. ಡಾಕ್ಟರು ಅದನ್ನು ನನಗೆ ತೋರಿಸಿ ಹೇಳಿದರು: “ನೋಡಮ್ಮ, ಇವ್ರ ಮೂತ್ರಪಿಂಡ ಕೆಟ್ಟಿದೆ. ಇವತ್ತಿಂದ ಉಪ್ಪು ಬಂದ್. ಉಪ್ಪಿನಕಾಯಿ, ಹಪ್ಪಳ, ಬಾಳಕ ಯಾವುದೂ ಕೂಡದು. ತಿಂದ್ರೋ, ಯುಗಾದಿ ನೋಡೋದಿಲ್ಲ ಇವ್ರು.”

ಈ ಮನುಷ್ಯನನ್ನು ನಾನು ಎಷ್ಟು ಬೈದರೂ, ಎಷ್ಟು ಹೊಡೆದಾಡಿದರೂ, ಇವರಿಲ್ಲದ ಮನೆಯನ್ನು ನೆನೆದರೆ ಉಸಿರು ಕಟ್ಟುತ್ತಿತ್ತು. ಇವರನ್ನು ಬದುಕಿಸಿಯೇ ಬದುಕಿಸುತ್ತೇನೆ, ಅಡ್ಡ ಬಂದವರ ಹಲ್ಲು ಮುರಿಯುತ್ತೇನೆ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಹಟ ತೊಟ್ಟೆ.

ನನಗೆ ಗೊತ್ತಿದ್ದ ಪಥ್ಯ ಒಂದೇ, ಬಾಣಂತಿ ಪಥ್ಯ. ನಾನೇ ಆಗಷ್ಟೇ ಅದನ್ನು ಮುಗಿಸಿ ಎದ್ದವಳು. ಹಳೇ ಅಕ್ಕಿ ಅನ್ನ, ಕಾಳುಮೆಣಸಿನ ಸಾರು, ಕೆಂಡದಲ್ಲಿ ಸುಟ್ಟ ಬೆಳ್ಳುಳ್ಳಿ, ಮೇಲೆ ತುಪ್ಪ. ಹಸಿಮೆಣಸು ಇಲ್ಲ, ಹುಣಸೆ ಇಲ್ಲ, ಹಸಿ ಉಪ್ಪು ಇಲ್ಲವೇ ಇಲ್ಲ. ಹಸಿ ಉಪ್ಪು ನಂಜು. ಅದನ್ನು ಹಂಚಿನ ಮೇಲೆ ಹಾಕಿ ಚಟಪಟ ಸದ್ದು ನಿಲ್ಲುವವರೆಗೂ ಹುರಿದು, ಕುಟ್ಟಿ, ಕುಡಿಕೆಯಲ್ಲಿ ಬೇರೆ ಇಡಬೇಕು. ಹುರಿದ ಮೇಲೆ ಅದರಲ್ಲಿರುವ ಕೆಟ್ಟದ್ದೆಲ್ಲ ಹೋಗಿಬಿಡುತ್ತದೆ, ಆಮೇಲೆ ಅದು ಮದ್ದಿದ್ದ ಹಾಗೆ. ಹೀಗೆಂದು ನನ್ನವ್ವ ಹೇಳಿದ್ದಳು, ಅವಳಿಗೆ ಅವಳವ್ವ ಹೇಳಿದ್ದಳು. ಡಾಕ್ಟರು ಉಪ್ಪು ಬಿಡಿ ಎಂದಾಗ ನನ್ನ ತಲೆಗೆ ಹೊಕ್ಕಿದ್ದು ಹಸಿ ಉಪ್ಪು. ಮನೆಯಲ್ಲಿದ್ದ ಕಲ್ಲುಪ್ಪಿನ ಮಡಕೆಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ, ಹುರಿದದ್ದನ್ನು ಮಾತ್ರ ಇಟ್ಟುಕೊಂಡೆ. ಎಂಥ ಶಿಸ್ತು ನನ್ನದು ಎಂದು ನನಗೇ ಹೆಮ್ಮೆ.

ಮನೆಯ ಜಗಳ ಮನೆಯಲ್ಲಿ ಮುಗಿಯುತ್ತಿತ್ತು. ಮಿಲ್ಲಿನದು ಹಾಗಲ್ಲ. ಅಲ್ಲಿ ಹನ್ನೆರಡು ಗಂಟೆಗೆ ಇಂಜಿನ್ ನಿಲ್ಲಿಸಿ, ಭತ್ತದ ಚೀಲಗಳ ನಡುವೆ ಒಗೆದ ಗೋಣಿತಾಟು ಹಾಸಿ, ಎಲ್ಲರೂ ಅವರವರ ಬುತ್ತಿ ಬಿಚ್ಚಿ ನಡುವೆ ಇಡುವುದು. ಯಾರ ರೊಟ್ಟಿ ಯಾರೋ, ಯಾರ ಚಟ್ನಿ ಯಾರೋ. ಒಬ್ಬ ದೂರ ಕೂತು ತನ್ನದನ್ನೇ ತಿಂದನೋ, ಅವನಿಗೆ ಉಳಿದವರ ಕೈ ಹೇಸಿಗೆ ಎಂದೇ ಲೆಕ್ಕ. ಇವರು ಬಾಣಂತಿ ಬುತ್ತಿ ಹಿಡಿದು ದೂರ ಕೂತ ಮೊದಲ ದಿನವೇ ಹಮಾಲರ ಮೇಸ್ತ್ರಿ, ಎರಡು ಚೀಲ ಒಟ್ಟಿಗೆ ಹೊರುವ ಆಳು, ಎಲ್ಲರಿಗೂ ಕೇಳುವ ಹಾಗೆ ಕೂಗಿದನಂತೆ.

“ಏನ್ರೀ ಡ್ರೈವರ್ರೇ, ಹೆರಿಗೆ ಯಾವಾಗಾತು? ಗಂಡೋ ಹೆಣ್ಣೋ? ತಲಿಗೆ ಬಟ್ಟಿ ಕಟ್ಕಳ್ರೀ, ಕಿವಿಗೆ ಗಾಳಿ ಹೊಕ್ಕಾತು!”

ಇವರ ಕೈಯಲ್ಲಿ ಇಂಜಿನ್ ಬೋಲ್ಟು ಬಿಗಿಯುವ ಪಾನಾ ಇತ್ತು. ಎದ್ದು ಹೋಗಿ ಅದರಿಂದಲೇ ಬಾಯಿಗೆ ಬಾರಿಸಿದರು. ಮೇಸ್ತ್ರಿಯ ಮುಂದಿನ ಎರಡು ಹಲ್ಲು ಗೋಣಿತಾಟಿನ ಮೇಲಿದ್ದ ರೊಟ್ಟಿಯ ಮೇಲೆ ಬಿದ್ದವು. ಆಮೇಲೆ ಉಳಿದ ಹಮಾಲರು ಸುಮ್ಮನಿರುತ್ತಾರೆಯೇ? ಇವರನ್ನು ತೌಡಿನ ರಾಶಿಯಲ್ಲಿ ಕೆಡವಿ ಮನಸೋ ಇಚ್ಛೆ ತುಳಿದರು. ಅಂಗಿ ಹರಿದು, ಮೈತುಂಬ ತೌಡು ಮೆತ್ತಿಕೊಂಡು ಮನೆಗೆ ಬಂದವರೇ ನನ್ನ ಜಡೆ ಹಿಡಿದು ಅಂಗಳಕ್ಕೆ ಎಳೆದರು. “ನಿನ್ನಿಂದ ಮರ್ಯಾದಿ ಹೋತಲ್ಲೇ!” ಎನ್ನುತ್ತ ಬೆನ್ನಿಗೆ ಗುದ್ದಿದರು. ನಾಲ್ಕೈದು ಗುದ್ದು ಬೀಳುವಷ್ಟರಲ್ಲಿ ಅವರಿಗೇ ಉಸಿರು ಹತ್ತದೆ ಕುಸಿದು ಕೂತರು. ಆ ಏದುಸಿರು ಕೇಳಿ ನನಗೆ ಗುದ್ದಿನ ನೋವು ಮರೆತುಹೋಯಿತು. ಬದಲಿಗೆ ಸಿಟ್ಟು ನೆತ್ತಿಗೇರಿತು, ಇವರ ಮೇಲಲ್ಲ, ಆ ಮೇಸ್ತ್ರಿಯ ಮೇಲೆ.

ಮಾರನೇ ದಿನ ಹನ್ನೆರಡಕ್ಕೆ ಮಗುವನ್ನು ಸೊಂಟಕ್ಕೇರಿಸಿ, ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಕುಡುಗೋಲು ಹಿಡಿದು ನಾನೇ ಮಿಲ್ಲಿಗೆ ಹೋದೆ.

“ಅಣ್ಣಾ,” ಅಂದೆ ಮೇಸ್ತ್ರಿಗೆ, “ಇವರಿಗೆ ಕಾಯಿಲೆ ಐತಿ. ಉಪ್ಪು ತಿಂದ್ರೆ ಸಾಯ್ತಾರೆ. ನಿಮ್ಮ ತಾಟಿನಿಂದ ಒಂದು ಚೂರು ಬಾಳಕ ಇವರ ಬಾಯಿಗೆ ಹೋತೋ, ಕೊಟ್ಟ ಕೈ ಕಡೀತೀನಿ.”

ಮೇಸ್ತ್ರಿ ಊದಿದ ತುಟಿ ಸವರಿಕೊಂಡ. ಪಕ್ಕದಲ್ಲಿದ್ದ ಒಬ್ಬ ಮೀಸೆ ಹಮಾಲನಿಗೆ ಚೇಷ್ಟೆ. ಕರಿದ ಬಾಳಕದ ಮೆಣಸಿನಕಾಯಿ ಒಂದನ್ನು ತೊಟ್ಟು ಹಿಡಿದು ಇವರ ಮೂಗಿನ ಮುಂದೆ ಆಡಿಸಿ, “ಒಂದೇ ಒಂದು, ಬಾಣಂತಮ್ಮಾ” ಅಂದ. ನಾನು ಕುಡುಗೋಲು ಬೀಸಿಯೇಬಿಟ್ಟೆ. ಅವನ ಮುಂಗೈಯಿಂದ ಮೊಣಕೈವರೆಗೆ ಗೀರಿ ರಕ್ತ ಚಿಮ್ಮಿತು. ಇವರು ಎದ್ದು ನನ್ನ ಕೆನ್ನೆಗೆ ರಪ್ಪನೆ ಬಿಟ್ಟರು. ನಾನು ಇವರ ಹೆಬ್ಬೆರಳು ಕಚ್ಚಿ ಹಿಡಿದೆ. ಮಗು ನನ್ನ ಸೊಂಟದ ಮೇಲೆ, ನನ್ನ ಬಾಯಿ ತುಂಬ ಇವರ ರಕ್ತದ ರುಚಿ. ಸಾಹುಕಾರರು ಆಫೀಸಿನಿಂದ ಓಡಿಬಂದು, “ಇದೇನು ಮಿಲ್ಲೋ ಕಟುಕರ ಅಂಗಡಿಯೋ?” ಎಂದು ಅಬ್ಬರಿಸಿದ ಮೇಲೆಯೇ ಬಿಟ್ಟಿದ್ದು.

ಆಗ ಇವರು ಒಂದು ಮಾತು ಆಡಿದರು. ರಕ್ತ ಸೋರುವ ಹೆಬ್ಬೆರಳನ್ನು ಎತ್ತಿ ಹಿಡಿದು ಎಲ್ಲರೆದುರು ಹೇಳಿದರು: “ಇವತ್ತಿಂದ ಇವಳು ಇಕ್ಕಿದ್ದು ಬಿಟ್ಟು ಒಂದು ಹರಳು ಮುಟ್ಟಿದ್ರೆ ನಾನು ನನ್ನವ್ವನ ಮಗ ಅಲ್ಲ.” ಹಟಮಾರಿ ಮನುಷ್ಯ, ಅಂದದ್ದನ್ನು ನಡೆಸುವವರು. ಅಂದಿನಿಂದ ಮಿಲ್ಲಿನಲ್ಲಿ ಯಾರ ಬುತ್ತಿಗೂ ಕೈ ಹಾಕಲಿಲ್ಲ, ದಿನಾ ನಾನೇ ಹೋಗಿ ಬಡಿಸುತ್ತಿದ್ದೆ. ಮೂರನೇ ದಿನಕ್ಕೆ ಮೇಸ್ತ್ರಿಯೂ ಬಂದು ಇವರ ಪಕ್ಕ ಕೂತ. ಹಲ್ಲಿಲ್ಲದೆ ಅವನಿಗೆ ಜೋಳದ ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. “ನನಗೂ ಒಂದಿಷ್ಟು ಬಾಣಂತಿ ಅನ್ನ ಹಾಕವ್ವಾ” ಅಂದ. ನಾನು ನಗಲಾರದೆ ನಕ್ಕು ಅವನಿಗೂ ಬಡಿಸಿದೆ. ಹಲ್ಲು ಮುರಿಸಿಕೊಂಡವನೂ ಮುರಿದವರೂ ಒಂದೇ ಸಾರು ಸುರಿದುಕೊಂಡು ಉಣ್ಣುತ್ತಿದ್ದರು.

ಆದರೆ ಬಾವು ಇಳಿಯಲಿಲ್ಲ. ಪಾದದಿಂದ ಮೊಣಕಾಲಿಗೆ ಏರಿತು, ಅಲ್ಲಿಂದ ಹೊಟ್ಟೆಗೆ. ನನಗೆ ಹುಚ್ಚು ಹಿಡಿದಂತಾಯಿತು. ಇಷ್ಟು ಕಾವಲು ಕಾದರೂ ಉಪ್ಪು ಎಲ್ಲಿಂದ ಹೋಗುತ್ತಿದೆ? ಬಾಯಿ ಮೂಸುತ್ತಿದ್ದೆ, ಜೇಬು ತಡಕುತ್ತಿದ್ದೆ, ಇಂಜಿನ್ ಮನೆಯ ಮೂಲೆಮೂಲೆ ಹುಡುಕಿದೆ. “ನಿನ್ನಾಣೆ, ತಿಂದಿಲ್ಲ ಕಣೇ” ಅಂದರೆ ನಂಬದೆ ಮುಖಕ್ಕೆ ಉಗಿದೆ.

ಆಗಲೇ ನನಗೆ ಒಂದು ವಿಷಯ ಹೊಳೆಯಿತು. ಅತ್ತೆ ಸೊರಬದಿಂದ ಹದಿನೈದು ದಿನಕ್ಕೊಮ್ಮೆ ಮಗನನ್ನು ನೋಡಲು ಬರುತ್ತಿದ್ದರು. ಅವರು ಬಂದುಹೋದ ಮಾರನೇ ಬೆಳಿಗ್ಗೆ ಇವರ ಮುಖ ಇನ್ನಷ್ಟು ಊದಿರುತ್ತಿತ್ತು. ಅತ್ತೆಯ ಮಿಡಿ ಉಪ್ಪಿನಕಾಯಿ ಎಂದರೆ ಇವರಿಗೆ ಪ್ರಾಣ. ಮೊದಲ ಸಲ ಒಂದು ಡಬ್ಬಿ ತಂದಿದ್ದರು. ನಾನು ಹಾರಾಡಿದ ಮೇಲೆ ವಾಪಸು ಒಯ್ದಿದ್ದರು. ಒಯ್ದದ್ದು ನಿಜವೇ? ಕದ್ದುಮುಚ್ಚಿ ಕೊಟ್ಟು ಹೋಗುತ್ತಿಲ್ಲ ಎಂದು ಏನು ಗ್ಯಾರಂಟಿ? ಅವರು ಬಂದ ದಿನ ಮೂರು ಜನರಿಗೆಂದು ನಾನೇ ಸಾರನ್ನು ಕೈಬಿಚ್ಚಿ ಮಾಡುತ್ತಿದ್ದೆ, ಇವರು ಎರಡು ಲೋಟ ಹೆಚ್ಚು ಕುಡಿಯುತ್ತಿದ್ದರು. ಅದು ನನ್ನ ತಲೆಗೆ ಬರಲೇ ಇಲ್ಲ.

ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬೆಳಗಿನ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಷ್ಟು ಹೊತ್ತೂ ಹಲ್ಲು ಕಟಕಟ ಕಡಿಯುತ್ತಿದ್ದೆ. ಅತ್ತೆ ಎಮ್ಮೆ ಕರೆದು ಒಳಗೆ ಬರುತ್ತಿದ್ದರು. ನಾನು ಬಂದಿದ್ದು ನೋಡಿ ಗಾಬರಿಯಾಗಿ, “ಎಂತಾತೇ? ಅವನು ಹೆಂಗಿದಾನೆ?” ಅಂದರು. ಉತ್ತರ ಕೊಡದೆ ಅಡಿಗೆಮನೆಗೆ ನುಗ್ಗಿದೆ. ಹಲಗೆಯ ಮೇಲೆ ಉಪ್ಪಿನಕಾಯಿಯ ಮೂರು ಭರಣಿ. ಮೂಲೆಯಲ್ಲಿ ಒನಕೆ.

ಮೊದಲನೆಯದು ಒಡೆದಾಗ ಅತ್ತೆ ಹೌಹಾರಿ ಕೂಗಿದರು. ಎರಡನೆಯದು ಒಡೆದಾಗ ಕೆಂಪು ರಸ ನೆಲದ ತುಂಬ ಹರಿದು ನನ್ನ ಕಾಲು ಉರಿಯಿತು. “ಮಗನಿಗೆ ವಿಷ ಹಾಕ್ತೀಯೇನೇ ಮುದುಕಿ!” ಅಂದೆ. ಅತ್ತೆಗೆ ಏಕವಚನ ಆಡಿದ್ದು ಅದೇ ಮೊದಲು.

“ನಾ ಎಂತಕ್ಕೆ ಕೊಡ್ಲೇ! ಹೆತ್ತೋಳು ನಾನು! ಒಂದು ಮಿಡಿ ಕೊಟ್ಟಿದ್ರೆ ನನ್ನ ಕೈ ಸೇದಿಹೋಗ್ಲಿ!” ಎನ್ನುತ್ತ ಅವರು ಮೂರನೆಯ ಭರಣಿಯನ್ನು ತಬ್ಬಿಕೊಂಡರು.

ಒನಕೆ ಎತ್ತಿದ್ದೆ. ಕೈ ಜಾರಿತು ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಜಾರಿರಲಿಲ್ಲ. ಅವರ ಬಲಗೈ ಭರಣಿಯ ಮೇಲಿದ್ದದ್ದು ನನಗೆ ಚೆನ್ನಾಗಿ ಕಂಡಿತ್ತು. ಮಣಿಕಟ್ಟಿನ ಮೂಳೆ ಮುರಿದ ಸದ್ದು, ಒಣಕಟ್ಟಿಗೆ ಮುರಿದ ಹಾಗೆ, ಭರಣಿ ಒಡೆದ ಸದ್ದಿಗಿಂತ ಮೊದಲು ಕೇಳಿತು. ಅತ್ತೆ ಕೂಗಲಿಲ್ಲ. ಉಪ್ಪಿನಕಾಯಿಯ ರಸದಲ್ಲಿ ಕೂತು, ಜೋತುಬಿದ್ದ ಕೈ ನೋಡುತ್ತ, “ನಾ ಕೊಟ್ಟಿಲ್ಲ ಕಣೇ” ಎಂದು ಇನ್ನೊಮ್ಮೆ ಅಂದರು. ನಾಟಿ ವೈದ್ಯನನ್ನು ಕರೆಸಿ ಬಿದಿರಿನ ಸೀಳು ಇಟ್ಟು ಕಟ್ಟಿಸಿದವರು ಪಕ್ಕದ ಮನೆಯವರು. ನಾನು ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ. ಇನ್ನು ಇವರು ಬದುಕಿದರು, ಬೇರು ಕಿತ್ತೆ ಎಂಬ ಸಮಾಧಾನ ಬೇರೆ ನನಗೆ. ಥೂ, ನನ್ನ ಜನ್ಮಕ್ಕಿಷ್ಟು.

ಎಂಟು ದಿನ ಕಳೆಯಲಿಲ್ಲ, ಇವರು ಇಂಜಿನ್ ಹ್ಯಾಂಡಲ್ ತಿರುಗಿಸುತ್ತ ಬಿದ್ದರು. ಮೇಸ್ತ್ರಿಯೇ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ತಂದ. ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬು ಒರಗಿಸಿ ಕೂರಿಸಿದ್ದರು. ಡಾಕ್ಟರು ನನ್ನನ್ನು ಹೊರಗೆ ಕರೆದರು.

“ಉಪ್ಪು ಬಿಡಿಸಿದ್ದೆ ಅಂತೀಯ. ಮತ್ತೆ ಇಷ್ಟು ನೀರು ಹೇಗೆ ತುಂಬಿತು?”

“ದೇವರಾಣೆ ಸ್ವಾಮಿ, ಒಂದು ಹರಳು ಹಸಿ ಉಪ್ಪು ಹಾಕಿಲ್ಲ. ಬೇಕಾದ್ರೆ ನೋಡ್ರಿ” ಎಂದು ಇವರಿಗೆಂದು ತಂದಿದ್ದ ಸಾರಿನ ಚೊಂಬನ್ನೇ ಮುಂದೆ ಹಿಡಿದೆ. ಡಾಕ್ಟರು ಒಂದು ಹನಿ ಅಂಗೈಗೆ ಹಾಕಿಕೊಂಡು ನಾಲಿಗೆಗೆ ಮುಟ್ಟಿಸಿದರು. ಥಟ್ಟನೆ ಉಗುಳಿದರು.

“ಇದರಲ್ಲಿ ಉಪ್ಪಿದೆಯಲ್ಲಮ್ಮಾ!”

“ಅದು ಹುರಿದದ್ದು ಸ್ವಾಮಿ. ಕೆಂಪಗೆ ಹುರಿದೀನಿ. ಅದರಾಗೆ ಏನೂ ಇರಲ್ಲ.”

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಗೋಡೆಗೆ ಒರಗಿ ನಿಂತು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು: “ಹುರಿದ್ರೂ ಅದೇ ಉಪ್ಪು ಕಣಮ್ಮಾ. ಸುಟ್ರೂ ಅದೇ, ಕುದಿಸಿದ್ರೂ ಅದೇ. ದಿನಕ್ಕೆ ಮೂರು ಹೊತ್ತು ನೀನೇ ಕೊಟ್ಟಿದೀಯ.”

ಆಸ್ಪತ್ರೆಯ ಹಿಂದೆ ಒಂದು ಬೇವಿನ ಮರ. ಅದಕ್ಕೆ ಹಣೆ ಚಚ್ಚಿಕೊಂಡೆ. ಹುಬ್ಬಿನ ಮೇಲಿನ ಹಳೇ ಗಾಯ ಒಡೆದು ರಕ್ತ ಬಂದರೂ ಬಿಡಲಿಲ್ಲ. ಮೇಸ್ತ್ರಿ ಹಿಡಿದೆಳೆದು ನಿಲ್ಲಿಸಿದ. ಹಾಗೇ ಒಳಗೆ ಹೋಗಿ ಇವರಿಗೆ ಎಲ್ಲ ಹೇಳಿದೆ. “ಹೊಡೀರಿ ನನ್ನ. ಸಾಯಂಗೆ ಹೊಡೀರಿ” ಎಂದು ಮಂಚದ ಪಕ್ಕ ಕೆನ್ನೆ ಒಡ್ಡಿ ಕೂತೆ. ಇವರು ಕೈ ಎತ್ತಿದರು. ಬೆರಳೆಲ್ಲ ಊದಿ ಮಡಚಲೂ ಬರುತ್ತಿರಲಿಲ್ಲ. ಆ ಕೈ ನನ್ನ ಕೆನ್ನೆಗೆ ಬಂದು ಸುಮ್ಮನೆ ಕೂತಿತು.

“ಅದಕ್ಕೇ ನೋಡು,” ಅಂದರು ಏದುತ್ತ, “ಸಾರು ಅಷ್ಟು ರುಚಿ ಹೆಂಗಿತ್ತು ಅಂತ.”

ನಕ್ಕರು. ನನಗೆ ಆ ನಗು ತಡೆಯಲಾಗಲಿಲ್ಲ, ಹೊಡೆದಿದ್ದರೆ ಎಷ್ಟೋ ಸುಖವಿತ್ತು. ಅಂದಿನಿಂದ ನಿಜವಾದ ಪಥ್ಯ. ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಬೇಳೆಕಟ್ಟು. ತಟ್ಟೆ ಎಸೆದ ಮನುಷ್ಯ ಮುಖ ಸಿಂಡರಿಸದೆ ಕುಡಿದರು.

ಮಾರನೇ ದಿನ ಸುದ್ದಿ ತಿಳಿದು ಅತ್ತೆ ಬಂದರು. ಬಲಗೈ ಬಿದಿರಿನ ಕಟ್ಟಿನಲ್ಲಿ, ಕೊರಳಿಗೆ ಸೀರೆಯ ತುಂಡಿನಿಂದ ಜೋತುಹಾಕಿತ್ತು. ನನ್ನ ಕಡೆ ತಿರುಗಿಯೂ ನೋಡದೆ ಮಗನ ಎದುರು ನಿಂತರು.

“ಕಡಿಗೂ ನಿಂಗೆ ಯಾರು ಕೊಟ್ರೋ? ನಾ ಕೊಟ್ಟೆ ಅಂತ ಇವಳು ನನ್ನ ಕೈ ಮುರಿದ್ಲು. ಇವಳ ಎದುರಿಗೇ ಹೇಳು, ನಾ ಕೊಟ್ನಾ?”

ನಾನು ಬಾಯಿ ತೆರೆದಿದ್ದೆ. ಇದು ಸುಳ್ಳಲ್ಲ, ನಿಜವಾಗಿಯೂ ತೆರೆದಿದ್ದೆ. ಅಷ್ಟರಲ್ಲಿ ಇವರು ನನ್ನನ್ನು ಒಮ್ಮೆ ನೋಡಿ, ಅವ್ವನ ಕಡೆ ತಿರುಗಿದರು.

“ನೀ ಕೊಟ್ಟಿಲ್ಲವ್ವಾ. ಅವತ್ತು ತಂದಿದ್ಯಲ್ಲ ಡಬ್ಬಿ, ಅದ್ರಾಗಿಂದ ನಾನೇ ಕದ್ದಿಟ್ಕಂಡಿದ್ದೆ. ದಿನಾ ತಿಂದೆ. ಇವಳಿಗೂ ಗೊತ್ತಿರ್ಲಿಲ್ಲ.”

ಅತ್ತೆ ಎಡಗೈ ಎತ್ತಿ, ಆ ಊದಿದ ಕೆನ್ನೆಗೆ, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಫಟಾರನೆ ಹೊಡೆದರು. ಐದು ಬೆರಳಿನ ಗುರುತುಗಳು ಗುಳಿಬಿದ್ದು ಹಾಗೇ ಉಳಿದವು.

“ನಿನ್ನ ನಾಲ್ಗಿ ಚಪಲಕ್ಕೆ ನನ್ನ ಕೈ ಹೋತಲ್ಲೋ ಪಾಪಿ! ನೆಟ್ಟಗಾಗಿ ಬಂದು ನನ್ನ ಕಾಲು ಹಿಡಿ. ಅಲ್ಲೀವರಿಗೂ ನಿನ್ನ ಮುಖ ನೋಡಲ್ಲ” ಎಂದು ಹೊರಟೇಹೋದರು. ನಾನು ಬಾಗಿಲವರೆಗೆ ಹಿಂದೆ ಹೋದೆ. “ಅತ್ತೇ” ಎಂದು ಕರೆದೆ. ಅವರು ತಿರುಗಲಿಲ್ಲ, ನಾನು ಎರಡನೇ ಸಲ ಕರೆಯಲಿಲ್ಲ.

ಮೂರನೇ ದಿನ ಮಧ್ಯಾಹ್ನ, ಗಂಜಿಯ ಲೋಟ ಕೈಯಲ್ಲಿರುವಾಗಲೇ ಇವರ ಉಸಿರು ನಿಂತಿತು.

ಸೊರಬದಲ್ಲೇ ಮಣ್ಣು ಮಾಡಿದೆವು. ಎಲ್ಲರೂ ಕಾಲು ತೊಳೆದು ಅವರವರ ಮನೆಗೆ ಹೋದ ಮೇಲೆ ಅತ್ತೆ ಬಾಗಿಲ ಕಲ್ಲಿನ ಮೇಲೆ ಕೂತು, ಎಡಗೈಯನ್ನು ಆ ಕಲ್ಲಿಗೆ ಬಡಿಯತೊಡಗಿದರು. ಬೆರಳ ಗಂಟುಗಳ ಚರ್ಮ ಕಿತ್ತು ರಕ್ತ ಹತ್ತಿತು.

“ಸಾಯೋ ಮಗನಿಗೆ ಹೊಡೀತಲ್ಲೇ ಇದು! ಇದನ್ನ ಎಂತಕ್ಕೆ ಉಳಿಸಿದ್ಯೇ? ಅವತ್ತು ಇದನ್ನೂ ಮುರೀಬೇಕಿತ್ತು ನೀನು!”

ನಾನು ಹೋಗಿ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಬಿಡಿಸಿಕೊಳ್ಳಲು ಎಳೆದಾಡಿ, ಸಾಕಾಗಿ, ಅತ್ತೆ ನನ್ನ ಹೆಗಲಿಗೆ ತಲೆಯಿಟ್ಟರು.

“ನೀ ಅಷ್ಟು ಬಡ್ಕಂಡೆ ಮಾರಾಯ್ತಿ,” ಅಂದರು. “ಅವನು ನಿನ್ನ ಮಾತು ಕೇಳ್ಲಿಲ್ಲ.”

“ಹೂಂ ಅತ್ತೆ,” ಅಂದೆ. “ಕೇಳ್ಲಿಲ್ಲ.”